ನಮ್ಮ ಪದ್ಯದಲ್ಲಿ ಲಾರಿ ನಿಲ್ಲುವುದೇ ಇಲ್ಲ

ಕುಷ್ಟಗಿಯ ಒಂದು ಕವಿಗೋಷ್ಠಿಯಲ್ಲಿ ನಾವು ಲಾರಿ ಡ್ರೈವರನ ಮೇಲೆ ಬರೆದ ಪದ್ಯ ಓದಿದೆವು. ಚಪ್ಪಾಳೆ ಬಿತ್ತು. ಅಧ್ಯಕ್ಷರು ಇದು ಶ್ರಮಿಕರ ಧ್ವನಿ ಎಂದರು. ಹಿಂದಿನ ಸಾಲಿನಲ್ಲಿ ನಮ್ಮ ಕಾಕಾ ಕೂತಿದ್ದ. ಹದಿಮೂರನೇ ವಯಸ್ಸಿಗೆ ಕ್ಲೀನರ್ ಆಗಿ ಗಾಡಿ ಹತ್ತಿದವನು, ಮೂವತ್ತು ವರ್ಷ ಸ್ಟೇರಿಂಗ್ ಹಿಡಿದವನು. ಹೊರಗೆ ಬಂದು ಚಹಾ ಕುಡಿಯುವಾಗ ಕೇಳಿದ: "ಪದ್ಯ ಬೇಷ್ ಐತಿ ತಮ್ಮಾ. ಆದ್ರ ನಿನ್ನ ಪದ್ಯದಾಗ ಗಾಡಿ ಎಲ್ಲೂ ನಿಂದ್ರೂದ ಇಲ್ಲಲ್ಲ? ಆ ಡ್ರೈವರ್ ಉಚ್ಚಿ ಎಲ್ಲಿ ಹೊಯ್ದ? ಎಲ್ಲಿ ಮಕ್ಕೊಂಡ?"

ನಾವು ನಕ್ಕೆವು. ಕಾಕಾ ನಗಲಿಲ್ಲ. ಮನೆಗೆ ಬಂದು ಪದ್ಯ ತೆಗೆದು ನೋಡಿದೆವು. ಇಪ್ಪತ್ತೆರಡು ಸಾಲು. 'ಚಕ್ರ' ನಾಲ್ಕು ಸಲ ಬಂದಿತ್ತು. 'ದಾರಿ' ಆರು ಸಲ, 'ಕತ್ತಲು' ಮೂರು ಸಲ. 'ನಿದ್ದೆ' ಒಂದು ಸಲವೂ ಇರಲಿಲ್ಲ. 'ಬತ್ತಾ' ಇರಲಿಲ್ಲ. ಸಂಡಾಸ ಇರಲಿಲ್ಲ. ನಮ್ಮ ಕಾಲೇಜಿನ ಫೀ ತುಂಬಿದ್ದು ಅದೇ ಬತ್ತಾ. ಊಟಕ್ಕೆಂದು ಕೊಟ್ಟ ದುಡ್ಡಿನಲ್ಲಿ ಅರ್ಧ ಊಟ ಬಿಟ್ಟು ಕಾಕಾ ಉಳಿಸಿದ ದುಡ್ಡು. ಆ ದುಡ್ಡಿನಿಂದ ನಮ್ಮ ಮನೆತನದಲ್ಲೇ ಮೊದಲ ಪದವೀಧರರಾದ ನಾವು, ಕಲಿತ ವಿದ್ಯೆಯಿಂದ ಅವನ ನಿದ್ದೆಯನ್ನೇ ಹೊಡೆದುಹಾಕಿ ಪದ್ಯ ಕಟ್ಟಿದ್ದೆವು.

ಈ ಲೇಖನ ಆ ಪದ್ಯದ ವಿಮರ್ಶೆ. ಜತೆಗೆ ಡ್ರೈವರನ ಬಗ್ಗೆ ಈ ನಾಡಿನಲ್ಲಿ ಬರೆದಿರುವ ಬೇರೆ ಕೆಲವು ಬರಹಗಳ ವಿಮರ್ಶೆ. ಸಾಹಿತ್ಯ ಎಂದರೆ ಕಥೆ ಕವಿತೆ ಮಾತ್ರ ಎಂದು ನಾವು ಒಪ್ಪುವುದಿಲ್ಲ. ಲಾರಿಯ ಹಿಂದಿನ ಹಲಗೆ ಬರಹವೇ, ಕಾಯ್ದೆಯ ಕಲಮು ಬರಹವೇ, ಪೊಲೀಸ್ ಠಾಣೆಯ ಎಫ್.ಐ.ಆರ್. ಕೂಡ ಬರಹವೇ. ಮನುಷ್ಯನ ಬದುಕನ್ನು ಈ ಬರಹಗಳು ಕವಿತೆಗಿಂತ ಗಟ್ಟಿಯಾಗಿ ಹಿಡಿಯುತ್ತವೆ. ಹಾಗಾದರೆ ಇವನ್ನೂ ಓದಬೇಕು, ಪ್ರಶ್ನಿಸಬೇಕು.

*

ಮೊದಲು ನಮ್ಮ ಸಾಹಿತ್ಯದ ಮಾತು.

ಹಳ್ಳಿಯ ಬಗ್ಗೆ ಬರೆದ ಹಿರಿಯರಿಗೆ ಎತ್ತಿನ ಬಂಡಿ ಇತ್ತು. ಬಂಡಿಗೆ ಗೆಜ್ಜೆ ಇತ್ತು, ಬೆಳದಿಂಗಳಿತ್ತು. ಬಂಡಿ ಹೊಡೆಯುವವನ ಕೂಲಿ ಎಷ್ಟು ಎಂದು ಕೇಳಿದವರು ಕಡಿಮೆ. ಆಮೇಲೆ ನವ್ಯರು ಬಂದರು. ಅವರ ನಾಯಕ ಪೇಟೆಯ ರಸ್ತೆಯಲ್ಲಿ ಒಂಟಿಯಾಗಿ ನಡೆದ. ಒಂಟಿತನ ಅವನಿಗೆ ದೊಡ್ಡ ತಾತ್ವಿಕ ಸಂಕಟ. ಡ್ರೈವರನೂ ಒಂಟಿಯೇ. ಆದರೆ ಅವನ ಒಂಟಿತನಕ್ಕೆ ಕಾರಣ ಅಸ್ತಿತ್ವದ ಶೂನ್ಯವಲ್ಲ. ಕ್ಲೀನರನ ಪಗಾರ ಉಳಿಸಲು ಮಾಲಕ ಕ್ಲೀನರನನ್ನೇ ಬಿಡಿಸಿದ್ದು ಕಾರಣ. ಮಾತಾಡಲು ಪಕ್ಕದಲ್ಲಿ ಒಬ್ಬ ಹುಡುಗನಿದ್ದರೆ ಡ್ರೈವರ್ ಎಚ್ಚರವಿರುತ್ತಾನೆ. ಆ ಹುಡುಗನನ್ನು ತೆಗೆದ ಮೇಲೆ ಮೊಬೈಲಿನ ಹಾಡು, ಬಾಯಲ್ಲಿ ಗುಟಕಾ. ಈ ಒಂಟಿತನಕ್ಕೆ ರೇಟು ಉಂಟು.

ಸಿನಿಮಾಕ್ಕೆ ಬರೋಣ. 1980ರಲ್ಲಿ 'ಆಟೋ ರಾಜ' ಬಂತು. ಶಂಕರ್‌ನಾಗ್ ಆಟೋದವರ ಎದೆಯಲ್ಲಿ ಕೂತರು. ಇವತ್ತಿಗೂ ಆಟೋಗಳ ಹಿಂದೆ ಅವರ ಚಿತ್ರ ಕಾಣುತ್ತೇವೆ. ತಮ್ಮನ್ನು ಒಬ್ಬ ಮನುಷ್ಯನನ್ನಾಗಿ ತೋರಿಸಿದವನನ್ನು ಜನ ಮರೆಯುವುದಿಲ್ಲ ಎನ್ನುವುದಕ್ಕೆ ಇದು ಸಾಕ್ಷಿ. ಅಂಥ ಭಾಗ್ಯ ಲಾರಿಯವನಿಗೆ ಒದಗಲಿಲ್ಲ. ನಮ್ಮ ಕಥೆಗಳಲ್ಲಿ ಲಾರಿ ಬರುವುದು ಹೇಗೆ? ಕೊನೆಯ ಪುಟದಲ್ಲಿ. ಕಥೆ ಮುಗಿಸಲು ದಾರಿ ಕಾಣದ ಲೇಖಕನ ನೆರವಿಗೆ ಎದುರಿನಿಂದ ಒಂದು ಲಾರಿ ಬರುತ್ತದೆ. ನಾಯಕನೋ ನಾಯಕಿಯೋ ಸಾಯುತ್ತಾರೆ. ಓದುಗರು ಕಣ್ಣೀರು ಹಾಕುತ್ತಾರೆ. ಆ ಲಾರಿಯೊಳಗೆ ಒಬ್ಬ ಮನುಷ್ಯ ಕೂತಿದ್ದ, ಅವನು ಎಷ್ಟು ತಾಸಿನಿಂದ ಕಣ್ಣು ಮುಚ್ಚಿರಲಿಲ್ಲ ಎಂದು ಆ ಕಥೆಗೆ ಬೇಕಿಲ್ಲ.

ನಾವು ಬಂಡಾಯದವರು ಏನು ಮಾಡಿದೆವು? ನಾವು ಅವನನ್ನು ಪ್ರತೀಕ ಮಾಡಿದೆವು. 'ಕತ್ತಲನ್ನು ಸೀಳುವವನು' ಎಂದೆವು. 'ದೇಶದ ಭಾರ ಹೊತ್ತವನು' ಎಂದೆವು. ಹೊಗಳಿಕೆಯೂ ಒಂದು ಓವರ್‌ಲೋಡು, ಗೆಳೆಯರೆ. ಹೊತ್ತವನಿಗೆ ಅದರಿಂದ ಒಂದು ಪೈಸೆ ಬಾಡಿಗೆ ಹೆಚ್ಚಾಗುವುದಿಲ್ಲ.

ನಮ್ಮ ಪರಂಪರೆ ಇಷ್ಟು ಬಡವಾಗಿಲ್ಲ. ದೇವನೂರ ಮಹಾದೇವರ 'ಒಡಲಾಳ' ನೆನೆಯೋಣ. ಅಲ್ಲಿ ಹಸಿವಿನ ಬಗ್ಗೆ ಭಾಷಣವಿಲ್ಲ. ಕದ್ದು ತಂದ ಕಡಲೆಕಾಯನ್ನು ಮನೆಮಂದಿಯೆಲ್ಲ ಕೂತು ರಾತ್ರಿ ಕಳೆಯುವುದರೊಳಗೆ ತಿಂದು ಮುಗಿಸುತ್ತಾರೆ. ಅಷ್ಟೇ. ಹಸಿವು ಏನೆಂದು ಗೊತ್ತಾಗುತ್ತದೆ. ಆ ಪುಸ್ತಕ ಓದಿ ಬೆಳೆದ ನಾವು ಡ್ರೈವರನ ವಿಷಯಕ್ಕೆ ಬಂದಾಗ ಕಡಲೆಕಾಯಿ ಬಿಟ್ಟು ಕತ್ತಲನ್ನು ಹಿಡಿದೆವು. ತಪ್ಪು ನಮ್ಮದು.

*

ಈಗ ಲಾರಿಯ ಮೇಲಿನ ಬರಹ.

ಕುಷ್ಟಗಿಯ ಮೇಲೆ ಹೋಗುವ ಹೆದ್ದಾರಿಗೆ ಹಿಂದೆ 13ನೇ ನಂಬರು, ಈಗ 50. ಹೊಸಪೇಟೆಯಿಂದ ಬಂದು ಇಳಕಲ್ ದಾಟಿ ವಿಜಯಪುರಕ್ಕೆ ಹೋಗುತ್ತದೆ. ಇದರ ಮಗ್ಗುಲಿಗೆ ಒಂದು ತಾಸು ನಿಂತರೆ ದೇಶವೆಲ್ಲ ಹಾಯುತ್ತದೆ. ಗಂಗಾವತಿಯ ಅಕ್ಕಿ, ಇಳಕಲ್-ಕುಷ್ಟಗಿ ಸೀಮೆಯ ಗ್ರಾನೈಟ್, ನಮ್ಮ ತಾಲೂಕಿನ ದಾಳಿಂಬೆ, ಬಳ್ಳಾರಿ ಕಡೆಯ ಕಬ್ಬಿಣ. ಒಂದೊಂದು ಲಾರಿಯೂ ಒಂದೊಂದು ಪುಟ. ಮುಂದಿನ ಗಾಜಿನ ಮೇಲೆ ದೇವರ ಹೆಸರು. ಅದರ ಕೆಳಗೆ ಮಕ್ಕಳ ಹೆಸರು. ಹಿಂದೆ 'ತಂದೆ ತಾಯಿ ಆಶೀರ್ವಾದ', 'ಹಾರ್ನ್ ಓಕೆ ಪ್ಲೀಸ್'. ಈ ಕಡೆಯ ಮಾತನ್ನು ಮಹಾರಾಷ್ಟ್ರದ ಸರಕಾರ 2015ರಲ್ಲಿ ನಿಷೇಧಿಸಿತು, ಅದನ್ನು ನೋಡಿ ಹಿಂದಿನ ಗಾಡಿಯವರು ಸುಮ್ಮನೆ ಹಾರ್ನ್ ಹೊಡೆಯುತ್ತಾರೆಂದು.

ಲಾರಿ ಬರಹವನ್ನು ನಮ್ಮ ವಿದ್ವಾಂಸರಲ್ಲಿ ಕೆಲವರು 'ಆಧುನಿಕ ಜಾನಪದ' ಎಂದು ಮೆಚ್ಚುತ್ತಾರೆ. ಮೆಚ್ಚಲಿ. ನಾವು ಕೇಳುವುದು ಒಂದೇ ಪ್ರಶ್ನೆ. ಆ ಮಕ್ಕಳ ಹೆಸರು ಯಾರ ಮಕ್ಕಳದು? ಮಾಲಕನ ಮಕ್ಕಳದು. ಬಣ್ಣದ ದುಡ್ಡು ಮಾಲಕನದು, ಅಕ್ಷರ ಪೇಂಟರನದು. ಡ್ರೈವರ್ ಆ ಹೆಸರುಗಳನ್ನು ಹೊತ್ತುಕೊಂಡು ರಾಜ್ಯ ರಾಜ್ಯ ತಿರುಗುತ್ತಾನೆ. ಮೂವತ್ತು ವರ್ಷದಲ್ಲಿ ಕಾಕಾ ಏಳು ಗಾಡಿ ಬದಲಿಸಿದ. ಒಂದರ ಮೇಲೂ ತನ್ನ ಮಗಳ ಹೆಸರು ಬರೆಸಲಿಲ್ಲ. "ಬರಸ್ಬೇಕಂತ ಒಮ್ಮಿ ಅನಿಸಿತ್ತು. ಕ್ಯಾಬಿನ್ ಒಳಗ, ಯಾರಿಗೂ ಕಾಣದಂಗ, ಸೀಸಕಡ್ಡೀಲೆ ಬರದಿದ್ದೆ. ಗಾಡಿ ತೊಳಿಯೂಮುಂದ ಹೋತು" ಎಂದ.

ಡ್ರೈವರನ ಹೆಸರು ಮೂರು ಕಡೆ ಮಾತ್ರ ಬರೆದಿರುತ್ತದೆ. ಲೈಸೆನ್ಸಿನಲ್ಲಿ, ಮಾಲಕನ ಅಡ್ವಾನ್ಸ್ ಪುಸ್ತಕದಲ್ಲಿ, ಎಫ್.ಐ.ಆರ್.ನಲ್ಲಿ. ಒಂದು ಅವನ ಯೋಗ್ಯತೆ, ಇನ್ನೊಂದು ಅವನ ಸಾಲ, ಮತ್ತೊಂದು ಅವನ ಅಪರಾಧ. ಅವನ ಆತ್ಮಚರಿತ್ರೆ ಇಷ್ಟೇ ಎಂದು ವ್ಯವಸ್ಥೆ ಬರೆದು ಮುಗಿಸಿದೆ. ಇದನ್ನು ಜಾನಪದ ಎನ್ನುವುದಾದರೆ ಯಾವ ಜನದ ಪದ?

*

ಮೂರನೆಯ ಬರಹ ಕಾಯ್ದೆ. ಇದನ್ನು ನಾವು ಕವಿತೆ ಓದುವ ಹಾಗೆ ಸಾಲು ಸಾಲಾಗಿ ಓದಿದೆವು.

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಹೇಳುತ್ತಿತ್ತು: ದಿನಕ್ಕೆ ಎಂಟು ತಾಸು, ವಾರಕ್ಕೆ 48 ತಾಸು ದುಡಿಮೆ. ದೂರದ ದಾರಿಯಾದರೆ ಅಧಿಕಾರಿಯ ಒಪ್ಪಿಗೆ ಪಡೆದು ದಿನಕ್ಕೆ ಹತ್ತು, ವಾರಕ್ಕೆ 54.  ಐದು ತಾಸಿಗೆ ಒಮ್ಮೆ ಅರ್ಧ ತಾಸು ಬಿಡುವು. ಇವತ್ತಿನ ಕೆಲಸ ಮುಗಿದು ನಾಳಿನ ಕೆಲಸ ಹಿಡಿಯುವ ನಡುವೆ ಒಂಬತ್ತು ತಾಸು ವಿಶ್ರಾಂತಿ. ವಾರಕ್ಕೆ ಒಂದು ದಿನ ರಜೆ. ಹೆಚ್ಚು ದುಡಿದರೆ ಎರಡು ಪಟ್ಟು ಕೂಲಿ. ರಾತ್ರಿ ತಂಗಬೇಕಾದ ಜಾಗದಲ್ಲಿ ಮಾಲಕ ವಿಶ್ರಾಂತಿ ಕೋಣೆ ಕೊಡಬೇಕು.

ಎಷ್ಟು ಚೆಂದದ ಬರಹ! ಇದರಲ್ಲಿ ಗಾಡಿ ನಿಲ್ಲುತ್ತದೆ. ಮನುಷ್ಯ ಮಲಗುತ್ತಾನೆ. ಕಾಕಾನ ಪ್ರಶ್ನೆಗೆ ನಮ್ಮ ಪದ್ಯ ಕೊಡದ ಉತ್ತರವನ್ನು 1961ರ ಕಾಯ್ದೆ ಕೊಟ್ಟಿತ್ತು. ಆದರೆ ಮೊದಲಲ್ಲೇ ಒಂದು ಸಣ್ಣ ಸಾಲು ಕೂತಿತ್ತು: ಐದು ಅಥವಾ ಹೆಚ್ಚು ಕಾರ್ಮಿಕರು ಇರುವ ಸಂಸ್ಥೆಗೆ ಮಾತ್ರ ಇದು ಅನ್ವಯ. ನಮ್ಮ ಸೀಮೆಯಲ್ಲಿ ನಾವು ಕಂಡ ಮಾಲಕರಿಗೆ ಒಂದು ಲಾರಿ, ಹೆಚ್ಚೆಂದರೆ ಎರಡು. ಒಬ್ಬ ಡ್ರೈವರ್, ಇದ್ದರೆ ಒಬ್ಬ ಕ್ಲೀನರ್. ಐದು ಜನ ಎಲ್ಲಿಂದ ಬರಬೇಕು? ಬಾಗಿಲು ಕಟ್ಟಿದರು, ಹೊಸ್ತಿಲು ಎತ್ತರಿಸಿದರು.

ಮುಂದಿನದು ಇನ್ನೂ ಸೊಗಸು. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಈ ಹಳೆಯ ಕಾಯ್ದೆಯನ್ನು ನುಂಗಿತು. 2025ರ ನವೆಂಬರ್ 21ರಂದು ಅದನ್ನು ಜಾರಿಗೆ ತಂದರು. ಅದರಲ್ಲಿ ಐದು ಇದ್ದದ್ದು ಹತ್ತಾಯಿತು. ಐವತ್ತೊಂಬತ್ತು ವರ್ಷದಲ್ಲಿ ಹೊಸ್ತಿಲು ಇಳಿಯಬೇಕಿತ್ತು, ಎರಡು ಪಟ್ಟು ಏರಿತು. ಊರಿನ ಗುಡಿಯ ಹೊಸ್ತಿಲು ಗೊತ್ತಿದ್ದ ನಮಗೆ ಈ ಹೊಸ್ತಿಲಿನ ಲೆಕ್ಕ ಬೇಗ ತಿಳಿಯುತ್ತದೆ.

ಒಂದು ಸಂದು ಉಂಟು, ಅದನ್ನು ಕಾರ್ಯಕರ್ತ ಗೆಳೆಯರು ಗುರುತು ಹಾಕಿಕೊಳ್ಳಬೇಕು. 1988ರ ಮೋಟಾರು ವಾಹನ ಕಾಯ್ದೆಯ 91ನೇ ಕಲಮು, ಸಾರಿಗೆ ವಾಹನ ಓಡಿಸಲು ನೇಮಿಸಿದ ಯಾರಿಗೇ ಆಗಲಿ ದುಡಿಮೆಯ ತಾಸು 1961ರ ಕಾಯ್ದೆಯಲ್ಲಿ ಹೇಳಿದಂತೆ ಎಂದು ಬರೆದಿತ್ತು. ಅಲ್ಲಿ ಐದು ಜನರ ಮಾತಿಲ್ಲ. ಅಂದರೆ ಒಂಟಿ ಲಾರಿಯ ಡ್ರೈವರನಿಗೂ ತಾಸಿನ ಮಿತಿ ಇದೆ ಎಂದು ವಾದಿಸಲು ಒಂದು ಹಿಡಿಕೆ ಇತ್ತು. ಆದರೆ ಮೂವತ್ತು ವರ್ಷದಲ್ಲಿ ಒಂದು ಚೆಕ್‌ಪೋಸ್ಟಿನಲ್ಲೂ "ಎಷ್ಟು ತಾಸು ಆತು ಹೊಂಟು, ಮಲಗೀಯೇನು?" ಎಂದು ತನ್ನನ್ನು ಯಾರೂ ಕೇಳಲಿಲ್ಲ ಎನ್ನುತ್ತಾನೆ ಕಾಕಾ. ಕೇಳಿದ್ದು ಬೇರೆ.

ಯಂತ್ರದ ಮಾತಿಗೆ ಬನ್ನಿ. ಲಾರಿ 80 ಕಿ.ಮೀ. ದಾಟಬಾರದೆಂದು ವೇಗ ನಿಯಂತ್ರಕ ಹಾಕಬೇಕು ಎಂದು 2015ರಲ್ಲಿ ನಿಯಮವಾಯಿತು. ವೇಗಕ್ಕೆ ಯಂತ್ರ ಬಂತು. ನಿದ್ದೆಗೆ ಬರಲಿಲ್ಲ. ಯುರೋಪಿನಲ್ಲಿ 2006ರ ನಿಯಮದಂತೆ ಡ್ರೈವರ್ ದಿನಕ್ಕೆ ಒಂಬತ್ತು ತಾಸು ಓಡಿಸಬಹುದು, ನಾಲ್ಕೂವರೆ ತಾಸಿಗೆ 45 ನಿಮಿಷ ನಿಲ್ಲಲೇಬೇಕು. ಗಾಡಿಯಲ್ಲಿ ಟ್ಯಾಕೋಗ್ರಾಫ್ ಎಂಬ ಯಂತ್ರ ಅದನ್ನು ಬರೆದಿಡುತ್ತದೆ. ಆ ಯಂತ್ರ ಸುಳ್ಳು ಹೇಳಿದರೆ ಮಾಲಕನೂ ಸಿಕ್ಕಿಬೀಳುತ್ತಾನೆ. ನಮ್ಮಲ್ಲಿ ಬರೆದಿಡುವ ಯಂತ್ರ ಇಲ್ಲವೆಂದಲ್ಲ. ಜಿ.ಪಿ.ಎಸ್. ಇದೆ. ಅದನ್ನು ನೋಡುವುದು ಮಾಲಕ. ಗಾಡಿ ಅರ್ಧ ತಾಸು ನಿಂತರೆ ಫೋನು ಬರುತ್ತದೆ: "ಯಾಕಲೇ, ಗಾಡಿ ಯಾಕ ನಿಂತೈತಿ?" ಕಾಯ್ದೆ ಕೊಟ್ಟ ಅರ್ಧ ತಾಸನ್ನು ಯಂತ್ರ ಕಳುವು ಎಂದು ತೋರಿಸುತ್ತದೆ. ಒಂದೇ ಯಂತ್ರ, ಯಾರ ಕೈಯಲ್ಲಿದೆ ಎನ್ನುವುದರ ಮೇಲೆ ಅದರ ಧರ್ಮ.

ಸರಕಿಗೂ ಒಂದು ಗಡಿಯಾರವಿದೆ. ಅದರ ಹೆಸರು ಇ-ವೇ ಬಿಲ್. 2018ರಲ್ಲಿ ಬಂದಾಗ 100 ಕಿ.ಮೀ.ಗೆ ಒಂದು ದಿನದ ಅವಧಿ ಇತ್ತು. 2021ರ ಜನವರಿ 1ರಿಂದ 200 ಕಿ.ಮೀ.ಗೆ ಒಂದು ದಿನ ಎಂದರು. ಸರಕು ಎಷ್ಟು ಹೊತ್ತಿಗೆ ಎಲ್ಲಿರಬೇಕೆಂದು ಸರಕಾರಕ್ಕೆ ಗೊತ್ತು, ಅದನ್ನು ಒಯ್ಯುವವನು ಎಷ್ಟು ಹೊತ್ತು ಮಲಗಿದನೆಂದು ಗೊತ್ತಿಲ್ಲ. ಅಕ್ಕಿ ಚೀಲಕ್ಕಿರುವ ದಾಖಲೆ ಮನುಷ್ಯನಿಗಿಲ್ಲ.

*

ಬರೆಯದ ಕಾಯ್ದೆಯೂ ಒಂದಿದೆ. ಕಾಕಾ ಹೇಳಿದ್ದನ್ನು ನಾವು ಹಾಗೇ ಬರೆದುಕೊಂಡೆವು.

"ಪಗಾರ ಅನ್ನೂದು ಹೆಸರಿಗೆ. ಟ್ರಿಪ್ ಮ್ಯಾಲ ರೊಕ್ಕ. ಗಾಡಿ ಓಡಿದ್ರ ನಾ ಡ್ರೈವರ್, ನಿಂತ್ರ ನಾ ವಾಚಮನ್. ಲೋಡಿಗೆ ಎರಡು ದಿನ ಕಾಯಿ, ಖಾಲಿ ಮಾಡಾಕ ಎರಡು ದಿನ ಕಾಯಿ. ಹಾಲ್ಟಿಂಗ್ ರೊಕ್ಕ ಮಾಲಕಗ ಬಂದ್ರ ಬರ್ತೈತಿ, ನನಗ ಬರಂಗಿಲ್ಲ. ತಾಡಪತ್ರಿ ಹರದ್ರ ನನ್ನ ಮ್ಯಾಲ. ಚೀಲ ಕಮ್ಮಿ ಬಿದ್ರ ನನ್ನ ಮ್ಯಾಲ. ಡೀಸಲ್ ಲೆಕ್ಕ ತಪ್ಪಿದ್ರ ನನ್ನ ಮ್ಯಾಲ. ಕಾಯೂ ದಿನದ ಲೆಕ್ಕ ಮಾತ್ರ ಯಾರ ಮ್ಯಾಲೂ ಇಲ್ಲ."

ಇದನ್ನು ನಾವು ವಿಮರ್ಶೆಯ ಭಾಷೆಗೆ ತರುತ್ತೇವೆ. ಡ್ರೈವರನ ದುಡಿಮೆ ಎಂದರೆ ಓಡಿಸುವುದು ಎಂದು ನಾವೂ ತಿಳಿದಿದ್ದೆವು, ಮಾಲಕನೂ ತಿಳಿದಿದ್ದಾನೆ. ಆದ್ದರಿಂದ ನಮ್ಮ ಪದ್ಯದಲ್ಲಿ ಲಾರಿ ನಿಲ್ಲಲಿಲ್ಲ, ಮಾಲಕನ ಲೆಕ್ಕದಲ್ಲೂ ನಿಲ್ಲಲಿಲ್ಲ. ನಿಂತ ಹೊತ್ತಿಗೆ ಮಾಲಕ ಕೂಲಿ ಕೊಡಲಿಲ್ಲ, ನಾವು ಸಾಲು ಕೊಡಲಿಲ್ಲ. ಕವಿಯೂ ಮಾಲಕನೂ ಒಂದೇ ಕಣ್ಣಿನಿಂದ ನೋಡಿದರು! ಇದು ನಮಗೆ ನಾಚಿಕೆಯ ಮಾತು.

ಕಾದು ಕಳೆದ ಎರಡು ದಿನವನ್ನು ಎಲ್ಲಿ ತುಂಬಬೇಕು? ದಾರಿಯ ಮೇಲೆ, ನಿದ್ದೆಯಲ್ಲಿ. ಗಂಟೆಗೆ 40 ಕಿ.ಮೀ. ಹಿಡಿದರೂ ಎಂಟು ತಾಸಿಗೆ 320 ಕಿ.ಮೀ. ಅಷ್ಟಕ್ಕೆ ನಿಲ್ಲಿಸಿದರೆ ತಿಂಗಳಿಗೆ ಟ್ರಿಪ್ ಕಡಿಮೆ, ಟ್ರಿಪ್ ಕಡಿಮೆಯಾದರೆ ಮನೆಗೆ ಜೋಳ ಕಡಿಮೆ. ಡ್ರೈವರ್ ತಾನೇ ತನ್ನ ನಿದ್ದೆ ಕೊಯ್ಯುತ್ತಾನೆ. ಹೊರಗಿನವರಿಗೆ ಇದು ಅವನ ಆಸೆಬುರುಕತನದಂತೆ ಕಾಣುತ್ತದೆ. ಬಾರುಕೋಲು ಕಾಣುವುದಿಲ್ಲ, ಏಕೆಂದರೆ ಅದನ್ನು ಟ್ರಿಪ್ಪಿನೊಳಗೆ ಹೊಲಿದುಬಿಟ್ಟಿದ್ದಾರೆ.

ಓವರ್‌ಲೋಡು ಇನ್ನೊಂದು. 2019ರ ತಿದ್ದುಪಡಿಯಲ್ಲಿ ದಂಡ 20,000 ರೂಪಾಯಿ, ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000. ತೂಕ ಹೇರಿದವನು ಬೇರೆ, ಹೇರಿಸಿದವನು ಬೇರೆ, ತಡೆದಾಗ ಕೆಳಗಿಳಿದು ಕೈ ಕಟ್ಟಿ ನಿಲ್ಲುವವನು ಬೇರೆ. ಗ್ರಾನೈಟ್ ಹೇರಿದ ಗಾಡಿಯಲ್ಲಿ ಸರಪಳಿ ಸಡಿಲವಿದ್ದು ಜೋರಾಗಿ ಬ್ರೇಕ್ ಹಾಕಿದರೆ ಕಲ್ಲು ಮುಂದಕ್ಕೆ ಸರಿದು ಕ್ಯಾಬಿನ್ನಿಗೆ ಬರುತ್ತದೆ. ಎದುರಿನವನನ್ನು ಉಳಿಸಿದರೆ ಹಿಂದಿನ ಕಲ್ಲು ಕೊಲ್ಲುತ್ತದೆ. ಈ ಲೆಕ್ಕವನ್ನು ಅವನು ಕಣ್ಣು ಮಿಟುಕಿಸುವುದರೊಳಗೆ ಮಾಡಬೇಕು.

2011ರ ಜುಲೈಯಲ್ಲಿ ಲೋಕಾಯುಕ್ತರ ಗಣಿ ವರದಿ ಬಂತು. ಅದೇ ತಿಂಗಳು ಸುಪ್ರೀಂ ಕೋರ್ಟು ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಗಣಿ ಕೊಳ್ಳೆಯ ಕಥೆಯಲ್ಲಿ ಧಣಿಗಳ ಹೆಸರು, ಮಂತ್ರಿಗಳ ಹೆಸರು, ಬಂದರಿನ ಹೆಸರು ನಾಡಿಗೆಲ್ಲ ಬಾಯಿಪಾಠವಾದವು. ಅದಿರು ತಾನಾಗಿ ನಡೆದು ಬಂದರಿಗೆ ಹೋಗಲಿಲ್ಲ. ಧೂಳು ಕುಡಿದು ಸಾವಿರಾರು ಡ್ರೈವರುಗಳು ಒಯ್ದರು. ಗಣಿ ನಿಂತ ದಿನ ಅವರ ಕೆಲಸವೂ ನಿಂತಿತು. ಅವರ ಮೇಲೆ ಒಂದು ಕಥೆ ಬರಲಿಲ್ಲವಲ್ಲ ಎಂದು ಬೇರೆಯವರನ್ನು ಕೇಳುವ ಮುಂಚೆ ನಮ್ಮನ್ನು ನಾವೇ ಕೇಳಿಕೊಳ್ಳಬೇಕು.

*

ನಾಲ್ಕನೆಯ ಬರಹ ಎಫ್.ಐ.ಆರ್. ಇದರ ಮಾತು ಆಡುವುದು ನಮಗೆ ಕಷ್ಟ.

2019ರ ಮಳೆಗಾಲದಲ್ಲಿ, ಬೇರೆ ರಾಜ್ಯದ ಒಂದು ಊರ ಹತ್ತಿರ, ನಸುಕಿನ ನಾಲ್ಕರ ಸುಮಾರಿಗೆ ಕಾಕಾನ ಗಾಡಿ ಒಬ್ಬ ಸೈಕಲ್ಲಿನವನಿಗೆ ಬಡಿಯಿತು. ಸೈಕಲ್ಲಿನವನು ಸತ್ತ. ಹಾಲು ಹಾಕುವವನು. ಕಾಕಾ ಹಿಂದಿನ ದಿನ ನಸುಕಿನಿಂದ ಸೀಟಿನಲ್ಲಿದ್ದ. ಮಾಲಕ ಫೋನಿನಲ್ಲಿ ಎರಡು ಸಲ ಕೇಳಿದ್ದ, ಎಲ್ಲಿ ಬಂದಿ ಎಂದು. ಜನ ಕೂಡುವುದರೊಳಗೆ ಕಾಕಾ ಓಡಿದ. ಓಡಿ ಹೋಗಿ ಠಾಣೆಯಲ್ಲಿ ಕೂತ. ಓಡದಿದ್ದರೆ ಈ ಲೇಖನದಲ್ಲಿ ಪ್ರಶ್ನೆ ಕೇಳಲು ಅವನು ಇರುತ್ತಿರಲಿಲ್ಲ.

ಪೇಪರು ಓದಲು ನಮ್ಮನ್ನು ಕರೆದರು, ಮನೆಯಲ್ಲಿ ಇಂಗ್ಲಿಷು ಬಲ್ಲವರು ನಾವೊಬ್ಬರೇ. ಅದರಲ್ಲಿ ಇದ್ದದ್ದು ನಮ್ಮ ಕಡೆಯ ಠಾಣೆಗಳಲ್ಲೂ ಬರೆಯುವ ಅದೇ ವಾಕ್ಯ: ಲಾರಿ ಚಾಲಕನು ಅತಿವೇಗ ಮತ್ತು ಅಲಕ್ಷ್ಯತನದಿಂದ ವಾಹನ ಚಲಾಯಿಸಿ. ನಾವು ವ್ಯಾಕರಣ ಓದಿದವರು. ಈ ವಾಕ್ಯದಲ್ಲಿ ಕರ್ತೃ ಒಬ್ಬನೇ. ಟ್ರಿಪ್ ಲೆಕ್ಕ ಇಲ್ಲ, ಫೋನು ಇಲ್ಲ, ಬಿಡಿಸಿ ಕಳಿಸಿದ ಕ್ಲೀನರ್ ಇಲ್ಲ, ಇಪ್ಪತ್ತನಾಲ್ಕು ತಾಸು ಇಲ್ಲ. ಇಷ್ಟು ಜನ ಸೇರಿ ಮಾಡಿದ ಕ್ರಿಯೆಗೆ ಒಬ್ಬನೇ ಕರ್ತೃ. ಸಾಹಿತ್ಯದಲ್ಲಿ ಇಂಥ ವಾಕ್ಯವನ್ನು ಕೆಟ್ಟ ವಾಕ್ಯ ಎನ್ನುತ್ತೇವೆ. ಕೋರ್ಟಿನಲ್ಲಿ ಅದು ಪುರಾವೆ.

ಇಲ್ಲಿ ನಾವು ಜಾರಿಕೊಳ್ಳಬಾರದು. ಸತ್ತವನೂ ನಮ್ಮಂಥವನೇ. ಅವನ ಮನೆಯಲ್ಲೂ ಒಬ್ಬ ಮಗ ಓದುತ್ತಿದ್ದಿರಬಹುದು. ಕಾಕಾ ನಿರಪರಾಧಿ ಎಂದು ನಾವು ಬರೆಯುವುದಿಲ್ಲ. ಅವನೂ ಹಾಗೆ ಹೇಳುವುದಿಲ್ಲ. "ಕಣ್ಣು ಮುಚ್ಚಿದ್ದು ನಂದ ತಮ್ಮಾ. ಅದನ್ನ ಯಾರ ಮ್ಯಾಲ ಹಾಕ್ಲಿ?" ಎನ್ನುತ್ತಾನೆ. ನಾವು ಹೇಳುವುದು ಇಷ್ಟು: ಇಬ್ಬರು ಬಡವರನ್ನು ಎದುರುಬದರು ನಿಲ್ಲಿಸಿ, ಮೂರನೆಯವನು ವಾಕ್ಯದಿಂದ ಹೊರಗೆ ಹೋಗಿದ್ದಾನೆ. ಅವನನ್ನು ಒಳಗೆ ಎಳೆದು ತರುವುದು ವಕೀಲರ ಕೆಲಸ ಮಾತ್ರವಲ್ಲ, ಲೇಖಕರ ಕೆಲಸವೂ ಹೌದು. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರೆಂದು ಕೇಂದ್ರ ಸರಕಾರದ್ದೇ ವರದಿ. ಇಷ್ಟು ಸಾವಿಗೂ ಅದೇ ಅಲಕ್ಷ್ಯತನದ ವಾಕ್ಯ ಸಾಕೇ?

ಹಳೆಯ ದಂಡ ಸಂಹಿತೆಯ 304ಎ ಕಲಮಿಗೆ ಎರಡು ವರ್ಷದವರೆಗೆ ಶಿಕ್ಷೆ ಇತ್ತು. 2023ರ ಭಾರತೀಯ ನ್ಯಾಯ ಸಂಹಿತೆ ಅದನ್ನು ಐದು ವರ್ಷಕ್ಕೆ ಏರಿಸಿತು. ಅಪಘಾತ ಮಾಡಿ, ಪೊಲೀಸರಿಗೂ ಮ್ಯಾಜಿಸ್ಟ್ರೇಟರಿಗೂ ತಿಳಿಸದೆ ಓಡಿದರೆ ಹತ್ತು ವರ್ಷದವರೆಗೆ ಎಂದು 106ನೇ ಕಲಮಿನ ಎರಡನೇ ಉಪಕಲಮಿನಲ್ಲಿ ಬರೆದರು. 2024ರ ಜನವರಿ ಮೊದಲ ದಿನ ಡ್ರೈವರುಗಳು ದೇಶದ ಹಲವೆಡೆ ಗಾಡಿ ನಿಲ್ಲಿಸಿದರು. ಎರಡು ದಿನದಲ್ಲಿ ಪೆಟ್ರೋಲ್ ಬಂಕುಗಳ ಮುಂದೆ ಸಾಲು ನಿಂತಿತು. ಸರಕಾರ ಮಾತುಕತೆಗೆ ಬಂತು. 2024ರ ಜುಲೈ 1ರಂದು ಸಂಹಿತೆ ಜಾರಿಯಾದಾಗ ಆ ಉಪಕಲಮನ್ನು ಮಾತ್ರ ತಡೆಹಿಡಿದರು.

ಇದನ್ನೂ ಒಂದು ಬರಹ ಎಂದೇ ನಾವು ಓದುತ್ತೇವೆ. ಡ್ರೈವರುಗಳು ಬರೆದ ಒಂದು ಸಾಲು. ಅವರು ಓಡಿಸಿ ಬರೆಯಲಿಲ್ಲ, ನಿಲ್ಲಿಸಿ ಬರೆದರು. ನಿಂತ ಲಾರಿಗೆ ಎಷ್ಟು ಶಕ್ತಿ ಇದೆಯೆಂದು ಆ ಎರಡು ದಿನ ನಾಡಿಗೆ ಗೊತ್ತಾಯಿತು. ನಮ್ಮ ಕವಿತೆಗಳಿಗೆ ಮಾತ್ರ ಇನ್ನೂ ಗೊತ್ತಾಗಿಲ್ಲ.

*

ಜಾತಿಯ ಮಾತು ಬಿಟ್ಟು ಈ ಲೇಖನ ಮುಗಿಯುವುದಿಲ್ಲ.

ನಮ್ಮ ಕಾಕಾ ಯಾಕೆ ಕ್ಲೀನರ್ ಆದ? ಊರಲ್ಲಿ ಹೊಲವಿಲ್ಲ. ಇದ್ದದ್ದು ಜೀತ, ಇಲ್ಲವೆ ಮಂಗಳೂರಿಗೋ ಗೋವಾಕ್ಕೋ ಗುಳೆ. ಲಾರಿ ಹತ್ತಿದ ಮೇಲೆ ಢಾಬಾದಲ್ಲಿ ಊಟ. "ಹೊರಸಿನ ಮ್ಯಾಲ ಎಲ್ಲಾರ ಜೋಡಿ ಕುಂತು ಉಂಡೆ. ಯಾರೂ ಯಾವ ಕುಲ ಅಂತ ಕೇಳ್ಲಿಲ್ಲ. ಅವತ್ತ ಅಳು ಬಂತು" ಎಂದು ಹೇಳಿದ್ದ. ನಮ್ಮೂರಿನ ಹೋಟಲಿನಲ್ಲಿ ಆಗ ನಮ್ಮವರ ಕಪ್ಪು ಬೇರೆ, ಗೂಟಕ್ಕೆ ತೂಗುಹಾಕಿದ್ದು. ಹೆದ್ದಾರಿಯಲ್ಲಿ ಮನುಷ್ಯನಿಗೆ ಗಾಡಿ ನಂಬರೇ ಕುಲ. ಇದು ಸಣ್ಣ ಬಿಡುಗಡೆಯಲ್ಲ. ಲಾರಿಯ ಮೇಲಿನ ಪ್ರೀತಿಗೆ ಇದೂ ಕಾರಣ, ಇದನ್ನು ತಿಳಿಯದೆ ಡ್ರೈವರನ ಮೇಲೆ ಬರೆದರೆ ಅರ್ಧ ಬರೆದ ಹಾಗೆ.

ಆದರೆ ಗಾಡಿ ಒಂದು ದಿನ ಊರಿಗೆ ತಿರುಗುತ್ತದೆ. 2021ರ ಸೆಪ್ಟೆಂಬರಿನಲ್ಲಿ ಇದೇ ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ ಎರಡು ವರ್ಷದ ದಲಿತ ಕೂಸು ಗುಡಿಯೊಳಗೆ ಹೋಯಿತೆಂದು, ಶುದ್ಧಿ ಮಾಡಲು ಮನೆಯವರಿಂದ ಹಣ ಕೇಳಿದ ಸುದ್ದಿ ದೇಶಕ್ಕೆಲ್ಲ ತಿಳಿಯಿತು. ದಾರಿಯ ಮೇಲೆ ಕುಲ ಕೇಳದ ನಾಡು ಊರೊಳಗೆ ಎರಡು ವರ್ಷದ ಕೂಸಿನ ಕುಲ ಕೇಳುತ್ತದೆ. ಹೆದ್ದಾರಿ ಕೊಟ್ಟ ಸಮಾನತೆಯ ಬೆಲೆ ನಿದ್ದೆ. ನಿದ್ದೆ ಕೊಟ್ಟು ಕೊಂಡ ಸಮಾನತೆಯನ್ನು ಮನೆಗೆ ಒಯ್ಯಲು ಬರುವುದಿಲ್ಲ.

ಹನ್ನೆರಡನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯ ಇದ್ದ. ಜನರನ್ನು ದೋಣಿಯಲ್ಲಿ ದಾಟಿಸುವವನು. ಇವತ್ತಿನ ಮಾತಿನಲ್ಲಿ ಸಾರಿಗೆ ಕಾರ್ಮಿಕ. ಅವನನ್ನು ಕುರಿತು ಬೇರೆಯವರು ಪದ್ಯ ಬರೆಯಲಿಲ್ಲ, ಅವನೇ ವಚನ ಹೇಳಿದ. ತನ್ನ ಹೆಸರನ್ನೇ, ತನ್ನ ಕಸುಬಿನ ಸಮೇತ, ವಚನದ ಅಂಕಿತ ಮಾಡಿಕೊಂಡ. ರೂಪಕವಾಗುವ ಮೊದಲು ದೋಣಿ ಅವನಿಗೆ ದೋಣಿಯಾಗಿತ್ತು. ಅದಕ್ಕೇ ಅವನ ಬೈಗುಳಕ್ಕೆ ಅಷ್ಟು ತೂಕ. ಎಂಟುನೂರು ವರ್ಷದ ಕೆಳಗೆ ಹುಟ್ಟು ಹಾಕುವವನ ಹೆಸರು ಅವನ ಮಾತಿನ ಕೆಳಗೆ ಇತ್ತು. ಇವತ್ತು ಸ್ಟೇರಿಂಗ್ ಹಿಡಿದವನ ಹೆಸರು ಅವನ ಗಾಡಿಯ ಮೇಲೂ ಇಲ್ಲ. ನಾವು ಎಷ್ಟು ಮುಂದೆ ಬಂದಿದ್ದೇವೆ?

ಮಾಸ್ತರರೂ ಇಲ್ಲಿ ಕೇಳಬೇಕು. ಸಾರಿಗೆ ವಾಹನದ ಲೈಸೆನ್ಸಿಗೆ ಎಂಟನೇ ತರಗತಿ ಪಾಸಾಗಿರಬೇಕೆಂಬ ನಿಯಮ ಇತ್ತು. 2019ರಲ್ಲಿ ತೆಗೆದರು. ಕೆಲಸ ಸಿಗುತ್ತದೆ, ಒಳ್ಳೆಯದೇ. ಆದರೆ ಓದಲು ಬಾರದವನ ಕೈಗೆ ಗಾಡಿ ಕೊಟ್ಟವರು, ಅವನ ಹಕ್ಕಿನ ಕಾಯ್ದೆಯನ್ನು ಅವನಿಗೆ ಓದಿ ಹೇಳುವ ವ್ಯವಸ್ಥೆ ಮಾಡಲಿಲ್ಲ. 2024ರಲ್ಲಿ ಕರ್ನಾಟಕ ಸರಕಾರ ಮೋಟಾರು ಸಾರಿಗೆ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಒಂದು ಕಾಯ್ದೆ ಮಾಡಿತು. ನಿಮ್ಮ ಶಾಲೆಯ ಮಕ್ಕಳಲ್ಲಿ ಯಾರ ಅಪ್ಪ ಗಾಡಿಯ ಮೇಲಿದ್ದಾನೋ ಅವರ ಮನೆಗೆ ಈ ಸುದ್ದಿ ಮುಟ್ಟಿಸಿ, ನೋಂದಣಿ ಎಲ್ಲಿ ಎಂದು ಕಾರ್ಮಿಕ ಇಲಾಖೆಯಲ್ಲಿ ಕೇಳಿಸಿ. ಇದೂ ಸಾಹಿತ್ಯದ ಕೆಲಸವೇ.

ನಮ್ಮ ಪದ್ಯವನ್ನು ನಾವು ಹರಿದಿಲ್ಲ. ಹರಿದುಹಾಕುವುದು ಸುಲಭ, ಅದೂ ಒಂದು ನಾಟಕ. ಮುಂದೆ ಯಾರ ದುಡಿಮೆಯ ಮೇಲೆ ಪದ್ಯ ಬಂದರೂ, ನಮ್ಮದೇ ಇರಲಿ, ಹಿರಿಯರದೇ ಇರಲಿ, ಕಾಕಾನ ಪ್ರಶ್ನೆಯನ್ನೇ ಕೇಳುತ್ತೇವೆ: ಇವನು ಎಲ್ಲಿ ನಿಂತ? ಎಷ್ಟು ತಾಸು ಮಲಗಿದ? ಕಾದ ಹೊತ್ತಿಗೆ ಕೂಲಿ ಯಾರು ಕೊಟ್ಟರು? ಇದಕ್ಕೆ ಉತ್ತರವಿಲ್ಲದಿದ್ದರೆ ಛಂದಸ್ಸು ಎಷ್ಟೇ ಚೆನ್ನಾಗಿದ್ದರೂ ಅದು ಮಾಲಕನ ಪದ್ಯ.

ಇನ್ನೊಂದು ಮಾತು. ಬರೆಯಲು ಬಾರದ ಡ್ರೈವರು, ಕ್ಲೀನರು, ಹಮಾಲರು ಹೇಳಲಿ. ನಾವು ಕೂತು ಬರೆದುಕೊಳ್ಳುತ್ತೇವೆ. ಒಂದಕ್ಷರ ತಿದ್ದುವುದಿಲ್ಲ. ಕೆಳಗೆ ಅವರದೇ ಹೆಸರು ಹಾಕುತ್ತೇವೆ. ಕಾಕಾನನ್ನೂ ಕೇಳಿದೆವು. ಈ ವಾರ ಅವನಿಗೆ ಆ ದೂರದ ಊರಲ್ಲಿ ಕೇಸಿನ ತಾರೀಖು ಇದೆ. ಬಂದ ಮೇಲೆ ಹೇಳುತ್ತೇನೆ ಎಂದಿದ್ದಾನೆ.